ಟನ್‌ಸ್ಟೆಡ್ ಸೊಸೆಯರ ರೇಷ್ಮೆ

ಶವಸಂಸ್ಕಾರದ ಮರುದಿನ ಬೆಳಿಗ್ಗೆ ಹೆಸ್ಟರ್ ಕೆಳಗಿಳಿದು ಬಂದಾಗ ಹಂದಿತೊಡೆ ಇನ್ನೂ ಮೇಜಿನ ಮೇಲೆಯೇ ಕೂತಿತ್ತು. ಹಿಂದಿನ ದಿನ ಲ್ಯಾಂಕಶೈರಿನ ಅರ್ಧದಷ್ಟು ಕಥೋಲಿಕ ನೆಂಟರು ಬಂದು ಅದನ್ನು ಕೊಯ್ದು ತಿಂದಿದ್ದರು. ಆದರೂ ಮೂಳೆಯ ಸುತ್ತ ಇನ್ನೊಂದು ಸಾವಿಗಾಗುವಷ್ಟು ಉಳಿದಿತ್ತು. ಯುದ್ಧ ಮುಗಿದು ಐದು ವರ್ಷವಾಗಿದ್ದರೂ ಮಾಂಸಕ್ಕೆ ರೇಷನ್ ಚೀಟಿ ಬೇಕಾಗಿದ್ದ ಕಾಲ. ಅಷ್ಟು ದೊಡ್ಡ ಹಂದಿ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಬಚ್ಚಿಟ್ಟದ್ದನ್ನು ಕೇಳುವ ಪದ್ಧತಿ ಆಲ್ಡರ್‌ಸೈಕ್ ಹಾಲ್‌ನಲ್ಲಿ ಇಲ್ಲ. ಮುನ್ನೂರೈವತ್ತು ವರ್ಷ ಆ ಮನೆ ಬಾಳಿದ್ದೇ ಬಚ್ಚಿಡುವುದರ ಮೇಲೆ.

ಹೆಸ್ಟರಳ ಗಂಡ ಗ್ರೆಗರಿ ಸತ್ತದ್ದೂ ಅದರಿಂದಲೇ. ಪ್ರಾಟೆಸ್ಟಂಟಳಾದ ಎಲಿಜಬೆತ್ ರಾಣಿಯ ಕಾಲದಲ್ಲಿ ಕಥೋಲಿಕ ಪಾದ್ರಿಯನ್ನು ಮನೆಯಲ್ಲಿಟ್ಟುಕೊಂಡರೆ ನೇಣು. ಹಾಗಾಗಿ ಮನೆಯ ಪ್ರಾರ್ಥನಾಮಂದಿರವಾದ ಚಾಪೆಲ್ಲಿನ ಬೆಂಕಿಗೂಡಿನ ಹಿಂದೆ ಟನ್‌ಸ್ಟೆಡ್ ಮನೆಯವರು ಪಾದ್ರಿ ಅಡಗಲು ಒಂದು ಗುಂಡಿ ತೋಡಿದ್ದರು. ಈಗ ಮನೆಯಲ್ಲಿ ಪಾದ್ರಿ ರಾಜಾರೋಷವಾಗಿ ಗೊರಕೆ ಹೊಡೆಯುತ್ತಾರೆ, ಗುಂಡಿಗೆ ಬೇರೆ ಕೆಲಸವಿಲ್ಲ. ಬೇಸಿಗೆಯಲ್ಲಿ ಬರುವ ಪ್ರವಾಸಿಗಳಿಗೆ ಅದನ್ನು ತೋರಿಸುತ್ತಾರೆ, ಅಷ್ಟೆ. ಬೋಲ್ಟನ್ನಿನಿಂದ ಬಸ್ಸಿನಲ್ಲಿ ಬಂದ ಹೆಂಗಸರ ಗುಂಪಿಗೆ ತೋರಿಸಲೆಂದು ಗ್ರೆಗರಿ ಇಳಿಯುತ್ತಿದ್ದಾಗ ಏಣಿಯ ಮೆಟ್ಟಿಲು ಮುರಿಯಿತು. ರಾಣಿಯ ಭಟರಿಗೆ ಒಬ್ಬ ಪಾದ್ರಿಯನ್ನೂ ಬಿಟ್ಟುಕೊಡದ ಗುಂಡಿ ಮನೆಯ ಯಜಮಾನನನ್ನು ತಾನೇ ಇಟ್ಟುಕೊಂಡಿತು.

"ನನ್ನ ಮಗ ವಿಶ್ವಾಸಕ್ಕಾಗೇ ಪ್ರಾಣ ಬಿಟ್ಟ," ಎಂದಳು ಅತ್ತೆ ವಿನಿಫ್ರೆಡ್, ರೊಟ್ಟಿಗೆ ಬೆಣ್ಣೆಯನ್ನು ಸವರಿಯೂ ಸವರದ ಹಾಗೆ ಸವರುತ್ತ. ಬೆಣ್ಣೆಗೂ ಚೀಟಿ ಬೇಕಿತ್ತು.

"ಏಣಿಯಿಂದ ಬಿದ್ರು, ಅತ್ತೆ."

"ಪಾದ್ರಿಗುಂಡಿ ಏಣಿಯಿಂದ. ಅದನ್ನ ಮರೀಬೇಡ. ಫಾದರ್, ನೀವು ಬಿಷಪ್ಪರಿಗೆ ಒಂದು ಮಾತು ಹೇಳಿ ನೋಡಬಹುದಲ್ವಾ?"

ಫಾದರ್ ಆಸ್ವಾಲ್ಡ್ ಮನೆಯ ಪಾದ್ರಿ. ಎಂಬತ್ತರ ಮುದುಕ. ಹಂದಿತೊಡೆಯ ಮೇಲಿನ ಕಣ್ಣನ್ನು ಕಷ್ಟಪಟ್ಟು ಕಿತ್ತುಕೊಂಡು ಹೇಳಿದರು: "ಹುತಾತ್ಮ ಅನ್ನಿಸ್ಕೊಳೋಕೆ ಯಾರಾದ್ರೂ ಕೊಲ್ಲಬೇಕು ವಿನಿಫ್ರೆಡ್ಡಮ್ಮ. ತಾನಾಗೇ ಬಿದ್ರೆ ಲೆಕ್ಕಕ್ಕಿಲ್ಲ."

"ಬೋಲ್ಟನ್ನಿನೋರು ತಳ್ಳಿರಬಹುದು. ಅವರಲ್ಲಿ ಮೆಥಡಿಸ್ಟ್ ಪ್ರಾಟೆಸ್ಟಂಟರೇ ಜಾಸ್ತಿ."

ಹೆಸ್ಟರ್ ಚಹಾ ಬಗ್ಗಿಸಿಕೊಂಡಳು. ಅಳು ಬರುತ್ತದೆಂದು ಎಲ್ಲರೂ ಕಾಯುತ್ತಿದ್ದರು, ಅವಳೂ ಕಾಯುತ್ತಿದ್ದಳು. ಬಂದದ್ದು ಚಹಾ ತಣ್ಣಗಾಗಿದೆ ಎಂಬ ಯೋಚನೆ ಮಾತ್ರ.

ಅಷ್ಟರಲ್ಲಿ ಅಡುಗೆಯ ನೆಲ್ಲಿ ಗ್ರಿಮ್‌ಶಾ ಬಾಗಿಲಲ್ಲಿ ನಿಂತಳು. "ದೊಡ್ಡಮ್ಮಾವ್ರೇ, ತಾಮ್ರದ ಹಂಡೆ ಉಜ್ಜಿಟ್ಟಿದೀನಿ. ಕಪ್ಪು ಬಣ್ಣ ಪ್ರೆಸ್ಟನ್‌ನಿಂದ ಬಂದಿದೆ."

"ಸರಿ. ಹಾಗೇ ಮೇಲೆ ಹೋಗಿ ಚಿಕ್ಕಮ್ಮನ ಬೀರುವಿಂದ ಮದುವೆ ಉಡುಪು ತಗೊಂಡು ಬಾ. ಹೊಲಿಗೆ ಕೋಣೇಲಿ ಹಾಸು. ಶುಕ್ರವಾರ ಫಾದರ್ ಕತ್ತರಿ ಮೇಲೆ ತೀರ್ಥ ಹಾಕ್ತಾರೆ, ಕತ್ತರಿಸೋಣ. ತಿಂಗಳ ಪೂಜೆ ಹೊತ್ತಿಗೆ ಸಿದ್ಧ ಆಗಬೇಕು." ಆಮೇಲೆ ಸೊಸೆಯ ಕಡೆ ತಿರುಗಿದಳು. "ನಿಂಗೆ ಹೊಸದಾಗಿ ಹೇಳೋದೇನಿದೆ. ಪುಸ್ತಕದಲ್ಲಿ ನೀನೇ ಬರ್ದಿದೀಯಲ್ಲ."

ಬರೆದದ್ದು ನಿಜ. ಡರಮ್ ಯೂನಿವರ್ಸಿಟಿಯಲ್ಲಿ ಚರಿತ್ರೆ ಓದಿ, ಆ ಮನೆಯ ಹಳೆಯ ಕಾಗದಗಳನ್ನು ಜೋಡಿಸಲು ಬಂದವಳು ಅವಳು. ಪ್ರವಾಸಿಗಳಿಗೆಂದು ಮನೆಯ ಚರಿತ್ರೆಯ ಪುಟ್ಟ ಪುಸ್ತಕ ಬರೆದುಕೊಟ್ಟಳು, ಆಮೇಲೆ ಮನೆಯ ಮಗನನ್ನೇ ಮದುವೆಯಾದಳು. ಟನ್‌ಸ್ಟೆಡ್ ಸೊಸೆ ವಿಧವೆಯಾದರೆ ಅವಳ ಮದುವೆಯ ರೇಷ್ಮೆಯನ್ನು ಕಪ್ಪು ಬಣ್ಣದಲ್ಲಿ ಅದ್ದಿ, ಪಾದ್ರಿಯ ಪೂಜಾವಸ್ತ್ರವಾಗಿ ಹೊಲಿದು, ಗಂಡ ಸತ್ತ ತಿಂಗಳಿಗೆ ಅವನ ಆತ್ಮಕ್ಕೆಂದು ನಡೆಯುವ ಪೂಜೆಯಲ್ಲಿ ತೊಡಿಸುವುದು ಅಲ್ಲಿನ ಪದ್ಧತಿ. ಅದರ ಬಗ್ಗೆ ಹೆಸ್ಟರ್ ಒಂದು ಪುಟ ತುಂಬ ಭಾವುಕವಾಗಿ ಬರೆದಿದ್ದಳು. ಚರಿತ್ರೆ ಓದಿದವರಿಗೆ ಇದೊಂದು ಕುರುಡು. ಚರಿತ್ರೆ ಎಂದರೆ ಬೇರೆಯವರಿಗೆ ಆಗುವಂಥದ್ದು ಎಂದು ನಂಬಿರುತ್ತಾರೆ.

"ಅತ್ತೆ, ಆ ಉಡುಪು..."

"ಗೊತ್ತಮ್ಮ. ಮನಸ್ಸು ಬರಲ್ಲ. ನಂಗೂ ಬಂದಿರ್ಲಿಲ್ಲ."

ನೆಲ್ಲಿ ಆಗಲೇ ಮೆಟ್ಟಿಲು ಹತ್ತಿಯಾಗಿತ್ತು.

ಮನಸ್ಸಿನ ಪ್ರಶ್ನೆಯೇ ಅಲ್ಲ ಅದು. ಉಡುಪು ಹೆಸ್ಟರಳದ್ದಲ್ಲ. ಎರಡು ವರ್ಷದ ಹಿಂದೆ ಮದುವೆಯಾದಾಗ ಬಟ್ಟೆಗೂ ಕೂಪನ್ ಇತ್ತು. ಅವಳ ಬಳಿ ಇದ್ದ ಕೂಪನ್ನಿಗೆ ಹೆಚ್ಚೆಂದರೆ ಎರಡು ಪರದೆ ಬರುತ್ತಿದ್ದವು. "ಅದನ್ನ ನಂಗೆ ಬಿಡು," ಎಂದು ಹೋದ ಗ್ರೆಗರಿ ಸಂಜೆ ಒಂದು ದೊಡ್ಡ ಪೆಟ್ಟಿಗೆ ಹೊತ್ತು ತಂದಿದ್ದ. ಒಳಗೆ ಕೆನೆಬಣ್ಣದ ರೇಷ್ಮೆ. ಗೋಡೆಯಾಚೆಯ ಮನೆಯ ಮ್ಯೂರಿಯಲ್ ಕ್ರಾಸ್ಲಿಯದು. ಯುದ್ಧದ ಮೊದಲ ವರ್ಷ ಹೊಲಿಸಿದ್ದಳಂತೆ. ಡಂಕರ್ಕ್ ಯುದ್ಧದಿಂದ ಅವಳು ಒಪ್ಪಿದ್ದ ಹುಡುಗ ಮರಳಲಿಲ್ಲ, ಉಡುಪು ಪೆಟ್ಟಿಗೆಯಲ್ಲೇ ಉಳಿಯಿತು.

"ಮದುವೆ ಮುಗಿದ ಸೋಮವಾರವೇ ವಾಪಸ್ ಕೊಡ್ತೀನಿ ಅಂದಿದೀನಿ," ಎಂದಿದ್ದ ಗ್ರೆಗರಿ. "ಅಮ್ಮನ ಹತ್ರ ಮಾತ್ರ ಬಾಯಿ ಬಿಡಬೇಡ. ಬರೀ ಒಳಲಂಗದಲ್ಲಿ ಬೇಕಾದ್ರೂ ನಿನ್ನ ಚಾಪೆಲ್ಲಿಗೆ ಕಳಿಸ್ತಾಳೆ, ಕ್ರಾಸ್ಲಿ ರೇಷ್ಮೇಲಿ ಕಳಿಸಲ್ಲ."

ಗ್ರೆಗರಿಗೆ ಎರವಲು ತರುವುದು ಉಸಿರಾಟದಷ್ಟು ಸಲೀಸು. ಸನಿಕೆ, ಛತ್ರಿ, ಒಮ್ಮೆ ಒಂದು ಕತ್ತೆ. ಹಿಂದಿರುಗಿಸುವ ವಿದ್ಯೆ ಮಾತ್ರ ಒಲಿದಿರಲಿಲ್ಲ.

ಆ ದಿನ ಮಧ್ಯಾಹ್ನ ಹೆಸ್ಟರ್ ಚಾಪೆಲ್ಲಿನ ಪಕ್ಕದ ಕೋಣೆಗೆ ಹೋಗಿ ಪೂಜಾವಸ್ತ್ರಗಳ ಬೀರು ತೆರೆದಳು. ಒಂದರ ಪಕ್ಕ ಒಂದು, ಎಲ್ಲವೂ ಕಪ್ಪು. ಟನ್‌ಸ್ಟೆಡ್ ಚರಿತ್ರೆಯನ್ನು ಓದಲು ಅವಳು ಬರೆದ ಪುಸ್ತಕ ಬೇಕಿರಲಿಲ್ಲ, ಇಷ್ಟು ಸಾಕಿತ್ತು. ಮೊದಲನೆಯದು ಡಾರಥಿಯದು. ಸಾವಿರದ ಐನೂರ ತೊಂಬತ್ತೆರಡರಲ್ಲಿ ಮ್ಯಾಜಿಸ್ಟ್ರೇಟ್ ಕ್ರಾಸ್ಲಿ ಭಟರೊಂದಿಗೆ ಬಂದು, ಪಾದ್ರಿಯನ್ನು ಹುಡುಕುತ್ತ ಒಂದು ವಾರ ಮನೆಯಲ್ಲೇ ಬೀಡುಬಿಟ್ಟು ಉಂಡ. ಪಾದ್ರಿ ಗುಂಡಿಯಲ್ಲಿ ಉಪವಾಸ ಕೂತಿದ್ದ, ಡಾರಥಿ ಮೇಲೆ ಮ್ಯಾಜಿಸ್ಟ್ರೇಟನಿಗೆ ಬಡಿಸುತ್ತಿದ್ದಳು. ಕ್ರಾಸ್ಲಿಗೆ ಪಾದ್ರಿ ಸಿಗಲಿಲ್ಲ. ಪೂಜೆಯ ಬೆಳ್ಳಿ ಬಟ್ಟಲು ಸಿಕ್ಕಿತು, ಕೊಂಡುಹೋದ. ಅಂದಿನಿಂದ ಎರಡು ಮನೆಗಳ ನಡುವೆ ಊಟ ನಿಂತಿದೆ. ಇನ್ನೂರು ಗಜ ದೂರದ ಮನೆಯ ಹೊಗೆ ಕಂಡರೆ ವಿನಿಫ್ರೆಡ್ ಇವತ್ತಿಗೂ ಶಿಲುಬೆ ಗುರುತು ಹಾಕಿಕೊಳ್ಳುತ್ತಾಳೆ.

ಎರಡನೆಯದು ಫ್ಲಾಂಡರ್ಸಿನಿಂದ ಬಂದ ಮಾರ್ಗರೀತಳದು. ಆಕೆಯ ಸುತ್ತಳತೆಯಿಂದಾಗಿ ಒಂದು ಪೂಜಾವಸ್ತ್ರದ ಜೊತೆಗೆ ಪೂಜಾಪೀಠಕ್ಕೂ ಹೊದಿಕೆಯಾಗಿತ್ತು. ಆನ್ ಎಂಬವಳು ಗಂಡನಿಗಿಂತ ಮೊದಲೇ ಸತ್ತು ಪದ್ಧತಿಗೆ ಮೋಸ ಮಾಡಿದಳು. ಅವಳ ರೇಷ್ಮೆ ನುಸಿಯ ಪಾಲಾಯಿತು. ಅವಳ ಗಂಡ ಆಸ್ತಿ ಉಳಿಸಿಕೊಳ್ಳಲು ಹನ್ನೊಂದು ವರ್ಷ ತೆಪ್ಪಗೆ ಪ್ರಾಟೆಸ್ಟಂಟ್ ಚರ್ಚಿಗೆ ಹೋಗಿಬಂದಿದ್ದ. ಹೆಸ್ಟರ್ ಅದನ್ನು ಬರೆದಾಗ ವಿನಿಫ್ರೆಡ್ ಹೊಡೆದುಹಾಕಿ 'ಮೌನದ ವರ್ಷಗಳು' ಎಂದು ತಿದ್ದಿದ್ದಳು. ಕೊನೆಯದು ವಿನಿಫ್ರೆಡ್ಡಳದೇ. ಗಂಟಲಿನವರೆಗೂ ಬಟನ್ ಇದ್ದ ಉಡುಪು. ಪೂಜಾವಸ್ತ್ರವಾದ ಮೇಲೂ ಬಿಗಿಯಾಗಿಯೇ ಇತ್ತು. ಅದರ ಪಕ್ಕ ಒಂದು ಖಾಲಿ ಹ್ಯಾಂಗರ್ ತೂಗುತ್ತಿತ್ತು.

"ಅದು ಯಾರಿಗೆ ಅಂತ ಕೇಳಬೇಡ," ಎಂದರು ಫಾದರ್ ಆಸ್ವಾಲ್ಡ್ ಹಿಂದಿನಿಂದ.

"ಫಾದರ್, ಎರವಲು ತಂದ ಬಟ್ಟೇಲಿ ಪೂಜೆ ಮಾಡಿದ್ರೆ ನಡೆಯುತ್ತಾ?"

"ದೇವರ ಕಡೆಯಿಂದ ತಕರಾರಿಲ್ಲ. ಯಾರ ಬಟ್ಟೆ?"

ಹೇಳಿದಳು. ಮುದುಕ ಮೆಲ್ಲನೆ ಕುರ್ಚಿಗೆ ಇಳಿದರು.

"ಇದನ್ನ ಪಾಪನಿವೇದನೆ ಅಂದ್ಕೊಳ್ಳಲಾ?"

"ಯಾಕೆ?"

"ಹಾಗಂದ್ಕೊಂಡ್ರೆ ನಾನು ಯಾರ ಹತ್ರಾನೂ ಬಾಯಿ ಬಿಡೋ ಹಾಗಿಲ್ಲ. ವಿನಿಫ್ರೆಡ್ಡಮ್ಮಂಗೆ ಹೇಳೋ ಕೆಲಸ ನಂಗೆ ತಪ್ಪುತ್ತೆ." ಪುರಾತನ ಹುತಾತ್ಮರ ಧೈರ್ಯ ಇಂದಿನ ಪಾದ್ರಿಗಳಲ್ಲಿ ಹೀಗೆ ಹರಿದುಬಂದಿತ್ತು.

ಮರುದಿನ ಮ್ಯೂರಿಯಲ್ ಬಂದಳು. ಮುಂಬಾಗಿಲಿಗಲ್ಲ, ಕ್ರಾಸ್ಲಿಗಳಿಗೆ ಆ ಬಾಗಿಲು ತೆರೆದದ್ದು ಒಂದೇ ಸಲ, ಅದೂ ಕೊಡಲಿ ಏಟಿಗೆ. ಹಿತ್ತಿಲಿನಿಂದ ಅಡುಗೆಮನೆಗೆ ಬಂದು, ಸಕ್ಕರೆ ಸಾಲದ ಒಂದು ಕೇಕನ್ನು ಮೇಜಿನ ಮೇಲಿಟ್ಟಳು. ಮೂವತ್ತಮೂರರ ಎತ್ತರದ ಹೆಂಗಸು. ಬೂಟಿನಲ್ಲಿ ಕೆಸರು.

"ಏನು ಹೇಳಬೇಕೋ ಗೊತ್ತಾಗ್ತಿಲ್ಲ ಹೆಸ್ಟರ್. ಹೊರಡೋ ಮುಂಚೆ ಏನೋ ಒಂದು ಜೋಡಿಸ್ಕೊಂಡಿದ್ದೆ. ಗೋಡೆ ದಾಟೋವಾಗ ಮರ್ತೋಯ್ತು."

"ಪರವಾಗಿಲ್ಲ. ಉಳಿದೋರೆಲ್ಲ ಮರೀದೆ ಹೇಳಿದಾರೆ."

ಮ್ಯೂರಿಯಲ್ ನಕ್ಕು, ನಕ್ಕದ್ದಕ್ಕೆ ನಾಚಿದಳು. ಸ್ವಲ್ಪ ಹೊತ್ತು ಹವೆಯ ಬಗ್ಗೆ ಮಾತಾಡಿದರು. ಇಂಗ್ಲಿಷರ ಮನೆಯಲ್ಲಿ ಸಾವಿಗೂ ಮದುವೆಗೂ ದಾರಿ ಮೋಡದ ಮೇಲಿನಿಂದಲೇ ಹೋಗುತ್ತದೆ.

ನೆಲ್ಲಿ ತಡೆಯಲಾರದೆ ಬಾಯಿ ಹಾಕಿದಳು. "ಅಕ್ಕೋರು ಮದುವೆ ಆಗ್ತಿದಾರಂತಲ್ಲ, ಊರೆಲ್ಲ ಹೇಳ್ತಿದೆ. ದನದ ಡಾಕ್ಟ್ರಂತೆ?"

ಮ್ಯೂರಿಯಲ್ಲಳ ಮುಖ ಕೆಂಪಾಯಿತು. "ಈ ಮನೇಲಿ ಈಗ ಆ ಮಾತು ಬೇಡ ನೆಲ್ಲಿ."

"ಯಾವಾಗ?" ಎಂದಳು ಹೆಸ್ಟರ್.

"ಬರೋ ತಿಂಗಳು. ಹರ್ಬರ್ಟ್ ಅಂತ. ಒಳ್ಳೆಯವನು. ಎಷ್ಟು ಸಲ ಕೈ ತೊಳೆದ್ರೂ ಸ್ವಲ್ಪ ಕುರಿ ವಾಸನೆ."

"ಏನು ಹಾಕ್ಕೊತೀರ?"

"ಬೂದು ಬಣ್ಣದ ಕೋಟೊಂದಿದೆ." ತಟ್ಟನೆ ಬಂತು ಉತ್ತರ, ದಾರಿಯುದ್ದಕ್ಕೂ ಅಭ್ಯಾಸ ಮಾಡಿದಂತೆ. "ಚೆನ್ನಾಗಿದೆ. ಹರ್ಬರ್ಟ್ ನೋಡೋದು ಹಲ್ಲು, ಗೊರಸು. ಬಟ್ಟೆ ಯಾರು ನೋಡ್ತಾರೆ? ನಾನು ಅದಕ್ಕೆ ಬಂದಿದ್ದಲ್ಲ ಹೆಸ್ಟರ್. ಖಂಡಿತ ಅದಕ್ಕಲ್ಲ." ಮತ್ತೆ ಬಾಗಿಲ ಬಳಿ ನಿಂತು, "ತಿಂಗಳ ಪೂಜೆಗೆ ನಿಮ್ಮ ಕಡೆ ಏನು ಮಾಡ್ತೀರ ಅಂತ ಗೊತ್ತು. ಊರಿಗೇ ಗೊತ್ತು. ಗ್ರೆಗರಿಗೆ ಅಂದ್ರೆ ನಂಗೇನೂ ಬೇಜಾರಿಲ್ಲ," ಎಂದಳು.

ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಸಭ್ಯವಾಗಿ ಹೇಳಿದ ಮೇಲೆ ಅವಳು ಕೆಸರಿನಲ್ಲಿ ಬೇಗ ಬೇಗ ನಡೆದುಹೋದಳು.

ಹಂಡೆಯ ಕೆಳಗೆ ಸೌದೆ ಜೋಡಿಸುತ್ತಿದ್ದ ನೆಲ್ಲಿ ತಲೆಯೆತ್ತಲಿಲ್ಲ. "ಚಿಕ್ಕಮ್ಮಾ, ಆ ಪುಣ್ಯಾತ್ಗಿತ್ತಿ ಹೇಳಿದ್ದು ಯಾವ ಬಟ್ಟೆ ವಿಷಯ ಅಂತ ನಾನು ಕೇಳಲ್ಲ."

"ಕೇಳಬೇಡ."

"ಕೇಳಲ್ಲ ಅಂದೆನಲ್ಲ."

ಶುಕ್ರವಾರ ಹೊಲಿಗೆ ಕೋಣೆಯ ಉದ್ದನೆಯ ಮೇಜಿನ ಮೇಲೆ ರೇಷ್ಮೆ ಕೈ ಚಾಚಿ ಮಲಗಿತ್ತು. ಗ್ರೆಗರಿಯನ್ನು ಮಲಗಿಸಿದ್ದೂ ಇದೇ ಮೇಜಿನ ಮೇಲೆ. ಬೇರೆಯದು ಇಷ್ಟು ಉದ್ದವಿರಲಿಲ್ಲ. ವಿನಿಫ್ರೆಡ್ ಎದೆಯ ಭಾಗದಲ್ಲಿ ನೀಲಿ ಸೀಮೆಸುಣ್ಣದಿಂದ ದೊಡ್ಡ ಶಿಲುಬೆ ಬರೆದಿದ್ದಳು. ಫಾದರ್ ಆಸ್ವಾಲ್ಡ್ ತೀರ್ಥದ ಬಟ್ಟಲು ಹಿಡಿದು, ಕಿಟಕಿಯ ಹೊರಗೆ ಮೇಯುತ್ತಿದ್ದ ಹಸುವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಕೆಳಗಿನ ಬಚ್ಚಲಿನಿಂದ ಬಣ್ಣ ಕುದಿಯುವ ಘಾಟು ಮೇಲೇರುತ್ತಿತ್ತು.

"ಫಾದರ್, ಶುರು ಮಾಡಿ."

ಕತ್ತರಿಯ ಮೇಲೆ ನಾಲ್ಕು ಹನಿ ಬಿದ್ದವು. ವಿನಿಫ್ರೆಡ್ ಕತ್ತರಿ ಎತ್ತಿಕೊಂಡಳು.

"ಅತ್ತೆ, ಇದು ನನ್ನದಲ್ಲ," ಎಂದಳು ಹೆಸ್ಟರ್. "ಮ್ಯೂರಿಯಲ್ ಕ್ರಾಸ್ಲಿದು. ಗ್ರೆಗರಿ ಎರವಲು ತಂದಿದ್ರು. ಅವಳಿಗೆ ಬರೋ ತಿಂಗಳು ಮದುವೆ."

ಫಾದರ್‌ಗೆ ಕಿಟಕಿಯ ಹೊರಗಿನ ಹಸು ಇನ್ನಷ್ಟು ಆಸಕ್ತಿಕರವಾಗಿ ಕಂಡಿತು.

ವಿನಿಫ್ರೆಡ್ ಬಟ್ಟೆಯಿಂದ ಕೈ ತೆಗೆದು ಏಪ್ರನ್ನಿಗೆ ಒರೆಸಿಕೊಂಡಳು. "ಕ್ರಾಸ್ಲಿ ರೇಷ್ಮೇಲಿ. ನಮ್ಮ ಚಾಪೆಲ್ಲಿನಲ್ಲಿ. ನಾನೇ ಮುಂದಿನ ಸಾಲಲ್ಲಿ ಕೂತು ಕಣ್ಣೀರು ಹಾಕ್ದೆ."

"ಹೌದು."

"ಫಾದರ್, ನಿಮಗೆ ಗೊತ್ತಿತ್ತಾ?"

"ಅದು ಪಾಪನಿವೇದನೆ ವಿಷಯ," ಎಂದರು ಫಾದರ್ ಹಸುವಿಗೆ.

ವಿನಿಫ್ರೆಡ್ ಮೇಜಿಗೆ ಎರಡು ಸುತ್ತು ಬಂದಳು. ನಿಂತಾಗ ಅವಳ ಮುಖದಲ್ಲಿ ಹೊಸ ಬೆಳಕಿತ್ತು. "ಕೇಳು. ಅವರು ನಮ್ಮ ಬೆಳ್ಳಿ ಬಟ್ಟಲು ಕೊಂಡೋದ್ರು. ಯಾವತ್ತಾದ್ರೂ ವಾಪಸ್ ಕೊಟ್ರಾ? ಅದಕ್ಕೆ ಬದಲು ಇದು. ದೇವರೇ ಲೆಕ್ಕ ಸರಿಮಾಡಿದಾನೆ. ಗ್ರೆಗರಿ ನೆಪ ಅಷ್ಟೆ."

"ಬಟ್ಟಲು ತಗೊಂಡೋನು ಸತ್ತು ಮುನ್ನೂರು ವರ್ಷ ಆಯ್ತು. ಉಡುಪು ಕೊಟ್ಟೋಳು ನಿನ್ನೆ ಕೇಕ್ ತಂದಿದ್ಲು."

"ಸಕ್ಕರೆ ಇಲ್ಲದ ಕೇಕು!"

"ಅತ್ತೆ, ಗ್ರೆಗರಿ ಇದನ್ನ ಎರವಲು ತಂದಿದ್ರು. ನೀವು ಕತ್ತರಿ ಹಾಕಿದ್ರೆ ಕದ್ದದ್ದಾಗುತ್ತೆ. ಅವರ ಪೂಜೆಗೆ ಅವರನ್ನೇ ಕಳ್ಳನ್ನ ಮಾಡಬೇಡಿ."

ಇದನ್ನು ಅವಳು ಜೋರಾಗಿ ಹೇಳಲಿಲ್ಲ. ಇತ್ತೀಚೆಗೆ ಅವಳಿಂದ ಏನೂ ಜೋರಾಗಿ ಬರುತ್ತಿರಲಿಲ್ಲ. ವಿನಿಫ್ರೆಡ್ ಕತ್ತರಿ ಹಿಡಿದ ಕೈಯನ್ನು ಮೇಜಿಗೆ ಊರಿದಳು. ವಾದವೆಲ್ಲ ಮುಗಿದು, ಬರೀ ಮಗ ಸತ್ತ ಹೆಂಗಸೊಬ್ಬಳು ಉಳಿದಳು.

"ಹಾಗಾದ್ರೆ ಅವನಿಗೇನು?" ಎಂದಳು. "ಎಲ್ಲರಿಗೂ ಒಂದೊಂದಿದೆ. ಆ ಮಾರ್ಗರೀತಳ ಕುಡುಕ ಗಂಡಂಗೂ ಇದೆ. ನನ್ನ ಮಗನ ಹೆಸರಲ್ಲಿ ಬರೀ ಹ್ಯಾಂಗರ್ ತೂಗಬೇಕಾ?"

ಹೆಸ್ಟರ್ ಇದನ್ನು ಯೋಚಿಸಿರಲಿಲ್ಲ. ನೇರ ತನ್ನ ಕೋಣೆಗೆ ಹೋದಳು. ಪೆಟ್ಟಿಗೆಗಳನ್ನೆಲ್ಲ ಎಳೆದುಹಾಕಿದಳು. ಅವಳದ್ದೇ ಅನ್ನುವಂಥದ್ದು ಆ ಮನೆಯಲ್ಲಿ ಹೆಚ್ಚೇನಿರಲಿಲ್ಲ. ಮಳೆಯಂಗಿ, ಸ್ವೆಟರು, ತಳದಲ್ಲಿ ಡರಮ್‌ನ ವಿದ್ಯಾರ್ಥಿ ಗೌನು. ಮೂರು ವರ್ಷ ದಿನವೂ ಪಾಠಕ್ಕೂ ಊಟಕ್ಕೂ ತೊಟ್ಟದ್ದು. ಮೊದಲ ಸಲ ಭೇಟಿಯಾದಾಗ, ಕಾಗದದ ಧೂಳಿಗೆಂದು ಅದನ್ನೇ ತೊಟ್ಟುಕೊಂಡಿದ್ದಳು. ಗ್ರೆಗರಿ ಬಾಗಿಲಲ್ಲೇ ನಿಂತು, ಬಾವಲಿ ಒಳಗೆ ಬಂದಿದೆ ಅಂತ ನೆಲ್ಲಿಯನ್ನು ಕೂಗಿದ್ದ. ಅದನ್ನು ತಂದು ರೇಷ್ಮೆಯ ಪಕ್ಕದಲ್ಲಿ ಹಾಸಿದಳು.

"ಇದು ನನ್ನದೇ. ಆಗಲೇ ಕಪ್ಪಿದೆ. ಹಂಡೆ ಇಳಿಸಬಹುದು."

ವಿನಿಫ್ರೆಡ್ ಮೂಗಿನ ತುದಿಯಿಂದ ನೋಡಿದಳು. "ಪ್ರಾಟೆಸ್ಟಂಟ್ ಯೂನಿವರ್ಸಿಟಿ."

"ಉಣ್ಣೆ ಕುರಿಯದ್ದು ಅತ್ತೆ. ಕುರಿಗೆ ಯಾವ ಚರ್ಚೂ ಇಲ್ಲ."

"ಇದೇನು ಕಲೆ?"

"ಸೂಪು."

"ಹುಂ." ತೋಳನ್ನು ಎತ್ತಿ ಬೆಳಕಿಗೆ ಹಿಡಿದಳು, ಬೆರಳಲ್ಲಿ ಉಜ್ಜಿದಳು, ಅಳತೆಪಟ್ಟಿ ಎಳೆದಳು. ಸಮಾಧಾನವಾಯಿತೆಂದು ಹೇಳುವ ಜಾಯಮಾನ ಆ ವಂಶದ್ದಲ್ಲ. "ತೋಳಲ್ಲಿ ಬಟ್ಟೆ ಧಾರಾಳವಾಗಿದೆ," ಎಂದಳು. "ಕಲೆ ಇರೋ ಕಡೆ ಶಿಲುಬೆ ಬರುತ್ತೆ. ಫಾದರ್, ಏನು ಹಸು ನೋಡ್ತೀರ, ಇಲ್ಲಿ ಬಂದು ನಿಲ್ಲಿ, ಭುಜ ಅಳೀಬೇಕು."

ಹೆಸ್ಟರ್ ರೇಷ್ಮೆಯನ್ನು ಮಡಚಲು ಹೋದಾಗ ಅಂಚು ಕಣ್ಣಿಗೆ ಬಿತ್ತು. ಮ್ಯೂರಿಯಲ್ ಅವಳಿಗಿಂತ ಅಂಗೈಯಷ್ಟು ಎತ್ತರ. ಮದುವೆಯ ಹಿಂದಿನ ಸಂಜೆ ಗ್ರೆಗರಿ ನೆಲದ ಮೇಲೆ ಕೂತು, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಅಂಚನ್ನು ಮೇಲಕ್ಕೆ ಮಡಚಿ ಹೊಲಿದಿದ್ದ. ಈಗ ಅದನ್ನು ಬಿಚ್ಚದೆ ಕೊಡುವ ಹಾಗಿಲ್ಲ.

"ಇಷ್ಟು ಕೆಟ್ಟ ಹೊಲಿಗೆ ಯಾರದ್ದೇ?" ಎಂದಳು ವಿನಿಫ್ರೆಡ್ ಬಗ್ಗಿ.

"ನಿಮ್ಮ ಮಗಂದು. ಸೈನ್ಯದಲ್ಲಿ ಕಲಿತಿದ್ರಂತೆ."

"ಗೋಣಿಚೀಲ ಹೊಲಿದ ಹಾಗಿದೆ." ಆದರೂ ಅವಳ ಬೆರಳು ಆ ದೊಡ್ಡ ದೊಡ್ಡ ಹೊಲಿಗೆಗಳ ಮೇಲೆ ಒಂದೊಂದಾಗಿ ಹೋಯಿತು, ಜಪಮಣಿ ಎಣಿಸಿದ ಹಾಗೆ. ಆಮೇಲೆ ತೀರ್ಥ ಬಿದ್ದ ಕತ್ತರಿಯನ್ನು ಸೊಸೆಯ ಕಡೆಗೆ ದೂಡಿದಳು. "ನಾನು ಬಿಚ್ಚಲಾರೆ. ನೀನೇ ಬಿಚ್ಚು."

ಹೆಸ್ಟರ್ ಬಿಚ್ಚಿದಳು. ಒಂದೊಂದೇ ಹೊಲಿಗೆ ಕತ್ತರಿಸಿ ದಾರ ಎಳೆಯುತ್ತ ಹೋದಳು. ಅವನ ಕೈ ಗಂಟು ಹಾಕಿದ ಜಾಗದಲ್ಲಿ ಕತ್ತರಿ ನಿಂತಿತು. ಆಗ ಬಂತು, ಇಷ್ಟು ದಿನ ಎಲ್ಲರೂ ಕಾದದ್ದು. ರೇಷ್ಮೆಯ ಮೇಲೆ ಬೀಳದಿರಲೆಂದು ತಲೆಯನ್ನು ಪಕ್ಕಕ್ಕೆ ತಿರುಗಿಸಿ ಅತ್ತಳು. ವಿನಿಫ್ರೆಡ್ ಬಿಚ್ಚಿದ ದಾರಗಳನ್ನು ಸುರುಳಿ ಸುತ್ತಿ, ಯಾರಿಗೂ ಕಾಣದಿರಲೆಂದು ಎಲ್ಲರೆದುರೇ ಅಂಗಿಯ ತೋಳಿನೊಳಗೆ ಸೇರಿಸಿಕೊಂಡಳು.

ಸಂಜೆಗೆ ಮುಂಚೆ ಹೆಸ್ಟರ್ ಪೆಟ್ಟಿಗೆ ಹಿಡಿದು ಗೋಡೆಯ ಕಿಂಡಿ ದಾಟಿದಳು. ಕ್ರಾಸ್ಲಿಗಳ ಮನೆಯ ಬಾಗಿಲು ತಟ್ಟಿದ ಟನ್‌ಸ್ಟೆಡ್‌ಗಳಲ್ಲಿ ಅವಳೇ ಎರಡನೆಯವಳು. ಮೊದಲನೆಯವನು ಎರವಲು ಕೇಳಲು ಬಂದಿದ್ದ.

ಮ್ಯೂರಿಯಲ್ಲೇ ಬಾಗಿಲು ತೆಗೆದಳು. ಪೆಟ್ಟಿಗೆ ನೋಡಿದಳು.

"ಎದೆ ಹತ್ರ ಸೀಮೆಸುಣ್ಣದ ಶಿಲುಬೆ ಇದೆ," ಎಂದಳು ಹೆಸ್ಟರ್. "ಕೊಡವಿದ್ರೆ ಹೋಗುತ್ತಂತೆ. ಅಂಚು ಬಿಚ್ಚಿದೀನಿ. ಇಸ್ತ್ರಿ ಮಾಡಬೇಕು."

"ನಿಮ್ಮತ್ತೆ?"

"ಬೇರೆ ಬಟ್ಟೆ ಸಿಕ್ತು."

"ಕೊಡಲೇಬೇಕು ಅಂತೇನಿರ್ಲಿಲ್ಲ ಹೆಸ್ಟರ್, ನಿಜವಾಗ್ಲೂ..." ಮ್ಯೂರಿಯಲ್ ಎರಡೂ ಕೈಗಳನ್ನು ಆಗಲೇ ಚಾಚಿದ್ದಳು.

"ಗ್ರೆಗರಿ ಸೋಮವಾರ ಕೊಡ್ತೀನಿ ಅಂದಿದ್ರಂತೆ."

"ಯಾವ ಸೋಮವಾರ ಅಂತ ಅವನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಹೆಸ್ಟರ್ ಪೆಟ್ಟಿಗೆಯನ್ನು ಆ ಕೈಗಳ ಮೇಲಿಟ್ಟಳು.